ಉಸಿರೆಳೆದಾಗ ಎಡ ಎದೆಯಲ್ಲಿ ಚಳುಕು: ಇದು ಹೃದಯದ ತೊಂದರೆಯೇ?

ನಿಮಗೆ ಇಪ್ಪತ್ತೆರಡು ವರ್ಷ. ಸುಮ್ಮನೆ ಕುಳಿತಿದ್ದಾಗ ಎಡ ಎದೆಯಲ್ಲಿ ಒಮ್ಮೆಲೇ ಚಳುಕು, ಉಸಿರು ಒಳಗೆಳೆದರೆ ಇನ್ನೂ ಜೋರು, ಒಂದೆರಡು ನಿಮಿಷದಲ್ಲಿ ಮಾಯ ಎಂದು ಬರೆದಿದ್ದೀರಿ. ನೋವು ಎಲ್ಲಿ ಎಂದು ಯಾರಾದರೂ ಕೇಳಿದರೆ ನೀವು ಒಂದೇ ಬೆರಳಿಟ್ಟು ತೋರಿಸುತ್ತೀರಾ, ಇಡೀ ಅಂಗೈಯನ್ನು ಎದೆಗೆ ಒತ್ತಿಕೊಳ್ಳುತ್ತೀರಾ? ಬೆರಳಾದರೆ, ನನಗೆ ಹೈಸ್ಕೂಲಿನಿಂದ ಪರಿಚಯವಿರುವ ನೋವೇ ನಿಮ್ಮದೂ ಇರಬಹುದು. ನಾನು ವೈದ್ಯನಲ್ಲ, ಈ ಚಳುಕಿನ ಹಳೆಯ ಗಿರಾಕಿ ಅಷ್ಟೇ.

ವೈದ್ಯರು ಇದನ್ನು ಪ್ರಿಕಾರ್ಡಿಯಲ್ ಕ್ಯಾಚ್ ಸಿಂಡ್ರೋಮ್ ಎನ್ನುತ್ತಾರೆ. 1955ರಲ್ಲಿ ಮಿಲ್ಲರ್ ಮತ್ತು ಟೆಕ್ಸಿಡಾರ್ ಎಂಬ ವೈದ್ಯರು ಇದಕ್ಕೆ ಈ ಹೆಸರು ಕೊಟ್ಟರು. ಅವರು ವಿವರಿಸಿದ ರೋಗಿಗಳಲ್ಲಿ ಮಿಲ್ಲರ್ ಕೂಡ ಒಬ್ಬರು. ಮಕ್ಕಳಲ್ಲಿ, ಹದಿಹರೆಯದವರಲ್ಲಿ, ಇಪ್ಪತ್ತರ ಆಸುಪಾಸಿನವರಲ್ಲಿ ಇದು ಹೆಚ್ಚು. ಓಡುವಾಗ ಬರುವುದು ಕಡಿಮೆ. ಬೆನ್ನು ಬಾಗಿಸಿ ಮೊಬೈಲ್ ನೋಡುತ್ತಾ ಕುಳಿತಾಗಲೇ ಬರುತ್ತದೆ. ಎಡ ಮೊಲೆತೊಟ್ಟಿನ ಕೆಳಗೆ, ಬೆರಳ ತುದಿಯಷ್ಟು ಜಾಗದಲ್ಲಿ ಸೂಜಿ ಚುಚ್ಚಿದಂತೆ. ತೋಳಿಗೂ ಹರಡುವುದಿಲ್ಲ, ಬೆನ್ನಿಗೂ ಹೋಗುವುದಿಲ್ಲ. ಅರ್ಧ ಉಸಿರಿಗೇ ಎದೆ ಹಿಡಿದು ನಿಲ್ಲಿಸಿದಂತಾಗುವುದರಿಂದ ನಾವು ಮೇಲಿಂದ ಮೇಲೆ ಸಣ್ಣ ಸಣ್ಣ ಉಸಿರು ತೆಗೆದುಕೊಳ್ಳುತ್ತೇವೆ. ನೆಟ್ಟಗೆ ಕುಳಿತು, ಹಲ್ಲು ಕಚ್ಚಿ ಒಮ್ಮೆ ಪೂರ್ತಿ ಉಸಿರೆಳೆದರೆ ಒಳಗೆ ಏನೋ ಬಿಟ್ಟುಕೊಂಡಂತಾಗಿ ನೋವು ನಿಲ್ಲುವುದುಂಟು. ನನಗೆ ಹೆಚ್ಚಾಗಿ ಹಾಗೆಯೇ ನಿಲ್ಲುತ್ತದೆ. ಕಾರಣ ಖಚಿತವಾಗಿ ಗೊತ್ತಾಗಿಲ್ಲ. ಎದೆಗೂಡಿನ ಗೋಡೆಯ ನರಗಳೇ ಕಾರಣವಿರಬೇಕು ಎಂಬುದು ಹೆಚ್ಚಿನವರ ಊಹೆ. ಚಿಕಿತ್ಸೆಯೂ ಬೇಕಿಲ್ಲ.

ಶ್ವಾಸಕೋಶದ ಒಳಗೆ ನೋವು ತಿಳಿಸುವ ನರಗಳಿಲ್ಲ. ಉಸಿರಿನ ಜೊತೆಗೆ ಚುಚ್ಚುವ ನೋವು ಬರುವುದು ಸಾಮಾನ್ಯವಾಗಿ ಪಕ್ಕೆಲುಬು, ಅವುಗಳ ನಡುವಿನ ಸ್ನಾಯು, ಎಲುಬು ಎದೆಮೂಳೆಗೆ ಸೇರುವ ಮೃದ್ವಸ್ಥಿ, ಇಲ್ಲವೇ ಎದೆಗೂಡಿಗೆ ಒಳಗಿನಿಂದ ಅಂಟಿಕೊಂಡಿರುವ ಪೊರೆಯಿಂದ. ವಾರಗಟ್ಟಲೆ ಕೆಮ್ಮಿದವರಿಗೆ, ಜಿಮ್‌ನಲ್ಲಿ ಹೊಸದಾಗಿ ಭಾರ ಎತ್ತಿದವರಿಗೆ ಸ್ನಾಯು ಉಳುಕಿರುತ್ತದೆ. ಮೃದ್ವಸ್ಥಿಯ ಉರಿಯೂತವಾದರೆ ಎದೆಮೂಳೆಯ ಅಂಚನ್ನು ಒತ್ತಿದಾಗ ನೋವು ತಿಳಿಯುತ್ತದೆ, ಹೊರಳಿ ಮಲಗಿದಾಗಲೂ ತಿಳಿಯುತ್ತದೆ; ಅದು ಕ್ಷಣದ ಚಳುಕಲ್ಲ, ವಾರಗಳವರೆಗೂ ಕಾಡಬಹುದು. ಒತ್ತಿದರೆ ನೋಯುತ್ತದೆ ಎಂಬ ಒಂದೇ ಕಾರಣಕ್ಕೆ ಹೃದಯದ ತೊಂದರೆಯನ್ನು ತಳ್ಳಿಹಾಕುವಂತಿಲ್ಲ ಎಂಬುದೂ ನೆನಪಿರಲಿ.

ಪೊರೆಯ ನೋವು ಮಾತ್ರ ಬೇರೆ ಮಾತು. ಜ್ವರ, ಕೆಮ್ಮು, ಕಫದಲ್ಲಿ ರಕ್ತ, ಇದ್ದಕ್ಕಿದ್ದಂತೆ ಉಸಿರು ಸಾಲದಿರುವುದು, ಒಂದೇ ಕಾಲು ಊದಿಕೊಂಡಿರುವುದು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿ ಹಾಸಿಗೆ ಹಿಡಿದಿದ್ದುದು: ಚಳುಕಿನ ಜೊತೆ ಇವುಗಳಲ್ಲಿ ಯಾವುದಿದ್ದರೂ ನ್ಯುಮೋನಿಯಾ ಅಥವಾ ಶ್ವಾಸಕೋಶಕ್ಕೆ ಹೋದ ರಕ್ತದ ಹೆಪ್ಪು ಇರಬಹುದು, ಅಂದೇ ಆಸ್ಪತ್ರೆಗೆ ಹೋಗಿ. ಎತ್ತರದ ತೆಳ್ಳನೆಯ ಯುವಕರಲ್ಲಿ, ಅದರಲ್ಲೂ ಸಿಗರೇಟು ಸೇದುವವರಲ್ಲಿ, ಶ್ವಾಸಕೋಶದಿಂದ ಗಾಳಿ ಸೋರಿ ಒಂದು ಬದಿ ಕುಗ್ಗುವುದೂ ಉಂಟು. ಆ ನೋವು ಎರಡು ನಿಮಿಷಕ್ಕೆ ಹೋಗುವುದಿಲ್ಲ. ಮಲಗಿದರೆ ಹೆಚ್ಚಾಗಿ, ಮುಂದಕ್ಕೆ ಬಾಗಿ ಕುಳಿತರೆ ಕಡಿಮೆಯಾಗುವ ನೋವಿದ್ದರೂ ತೋರಿಸಲೇಬೇಕು, ಅದು ಹೃದಯದ ಹೊರಪೊರೆಯ ಉರಿಯೂತವಿರಬಹುದು. ಎದೆ ಹಿಂಡಿದಂತಾಗುವುದು, ತಣ್ಣನೆಯ ಬೆವರು, ದವಡೆಗೋ ತೋಳಿಗೋ ಹರಡುವ ನೋವು ಎಂದಾದರೆ ಇಂತಹ ಬರಹ ಓದುತ್ತಾ ಕೂರಬಾರದು, 108ಕ್ಕೆ ಕರೆ ಮಾಡಬೇಕು. ನಮ್ಮಲ್ಲಿ ಇದನ್ನೂ ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಮಲಗುವವರಿದ್ದಾರೆ. ಕ್ಷಣದ ಚಳುಕಿಗೆ ಇಡೀ ರಾತ್ರಿ ನಿದ್ದೆಗೆಟ್ಟು, ನಿಜವಾದ ಹೃದಯಾಘಾತಕ್ಕೆ ಸೋಡಾ ಹುಡುಕುವ ಈ ತಲೆಕೆಳಗಾದ ಲೆಕ್ಕ ನನಗೆ ಇಂದಿಗೂ ಅರ್ಥವಾಗಿಲ್ಲ.

ನಿಮ್ಮ ಭಯ ಅರ್ಥವಾಗುತ್ತದೆ. 2025ರ ಮಧ್ಯದಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಜನ ಸಾಲುಗಟ್ಟಿದ್ದರು. ಆತಂಕ ಹೆಚ್ಚಾದರೆ ಉಸಿರಾಟ ಬಿರುಸಾಗಿ, ಅದರಿಂದಲೇ ಎದೆ ಬಿಗಿಯುವುದೂ ಇದೆ.

ಸಮಾಧಾನಕ್ಕೆ ಒಮ್ಮೆ ಹತ್ತಿರದ ಆಸ್ಪತ್ರೆಯಲ್ಲಿ ತೋರಿಸಿ, ಇಸಿಜಿ ಮಾಡಿಸಿ. ‘ಎದೆನೋವು’ ಎಂದಷ್ಟೇ ಹೇಳಬೇಡಿ. ಎಷ್ಟು ಹೊತ್ತು ಇರುತ್ತದೆ, ಆಗ ಹೇಗೆ ಕುಳಿತಿರುತ್ತೀರಿ, ಮೆಟ್ಟಿಲು ಹತ್ತುವಾಗ ಬರುತ್ತದೆಯೇ ಎಂಬುದನ್ನೂ ಹೇಳಿ. ಮೆಟ್ಟಿಲು ಹತ್ತುವಾಗ ಬರುತ್ತದೆ, ಅಥವಾ ನಿಮ್ಮ ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡವರಿದ್ದಾರೆ ಎಂದಾದರೆ ಅದನ್ನೇ ಮೊದಲು ಹೇಳಿ.