ಮಲ್ಲಿಗೆ ಬಗ್ಗೆ ಬರೆದರೆ ಸಂಪಾದನೆ ಆಗುತ್ತಾ?

ಓದುಗರ ಪತ್ರ: "ನಾನು ಶಂಕರಪುರದ ಹತ್ತಿರದವಳು. ಅಂಗಳದಲ್ಲಿ ಮಲ್ಲಿಗೆ ಬೆಳೆದು, ಹೂ ಕಟ್ಟಿ ಕಟ್ಟೆಗೆ (ಹೂ ಕೊಳ್ಳುವ ಜಾಗಕ್ಕೆ) ಕೊಡುತ್ತೇನೆ. ಬ್ಲಾಗ್ ಬರೆದು ಮೂರೇ ತಿಂಗಳಲ್ಲಿ ತಿಂಗಳಿಗೆ 50,000 ರೂಪಾಯಿ ದುಡಿಯಬಹುದು ಎಂಬ ಜಾಹೀರಾತು ಮೊಬೈಲಿಗೆ ಬಂತು. ಕಲಿಸುವ ಕೋರ್ಸಿಗೆ 12,000 ರೂಪಾಯಿ. ನನಗೆ ಇದರ ಗಂಧಗಾಳಿ ಇಲ್ಲ. ಸೇರಬಹುದೇ? ಯಾವ ವಿಷಯ ಬರೆದರೆ ದುಡ್ಡು ಜಾಸ್ತಿ? ಮಗ ಪಿಯುಸಿ ಓದುತ್ತಿದ್ದಾನೆ. ಖಾತೆಯನ್ನು ಅವನ ಹೆಸರಲ್ಲಿ ತೆರೆದರೆ ಆಗುತ್ತದೆಯೇ?" (ಹೆಸರು ಹಾಕುವುದು ಬೇಡ ಎಂದಿದ್ದಾರೆ. ಉಡುಪಿ ಜಿಲ್ಲೆ)

ಸಂಪಾದಕರ ಉತ್ತರ:

ಅಕ್ಕಾ, ಆ 12,000 ರೂಪಾಯಿ ನಿಮ್ಮ ಹತ್ತಿರವೇ ಇರಲಿ. ಬ್ಲಾಗ್ ಅಂದರೆ ನೆಟ್‌ನಲ್ಲಿ ನೀವೇ ಬರೆದು ಹಾಕುವ ಪುಟಗಳು. ಅದನ್ನು ಶುರು ಮಾಡಲು ಬೇಕಾದ ಕೆಲಸವನ್ನೆಲ್ಲ ನಿಮ್ಮ ಮಗ ಒಂದು ಭಾನುವಾರ ಕೂತರೆ ಮಾಡಿಕೊಡುತ್ತಾನೆ. ಅದಕ್ಕೆ ಖರ್ಚೂ ಇಲ್ಲ.

ಮೊದಲು ಲೆಕ್ಕ ನೋಡೋಣ. ಬ್ಲಾಗಿನಲ್ಲಿ ಜಾಹೀರಾತು ಹಾಕಿ ದುಡ್ಡು ಕೊಡುವುದು ಹೆಚ್ಚಾಗಿ ಗೂಗಲ್‌ನ ಆಡ್‌ಸೆನ್ಸ್. ನಿಮ್ಮ ಪುಟಗಳನ್ನು ಸಾವಿರ ಸಲ ತೆರೆದರೆ ಒಂದು ಡಾಲರ್ ಬರುತ್ತದೆ ಎಂದಿಟ್ಟುಕೊಳ್ಳಿ. ಡಾಲರಿಗೆ 85 ರೂಪಾಯಿ ಹಿಡಿಯೋಣ. ತಿಂಗಳಿಗೆ 50,000 ರೂಪಾಯಿ ಬರಬೇಕಾದರೆ ಪುಟಗಳು ಸುಮಾರು 5 ಲಕ್ಷ 90 ಸಾವಿರ ಸಲ ತೆರೆಯಬೇಕು. ಅಂದರೆ ದಿನಕ್ಕೆ ಸುಮಾರು 20,000 ಸಲ. ಹೊಸಬರು ಮೂರು ತಿಂಗಳಲ್ಲಿ ಇದನ್ನು ಮುಟ್ಟುತ್ತಾರೆ ಎಂದು ಹೇಳಿ ದುಡ್ಡು ಕೇಳುವವರನ್ನು ನಂಬಬೇಡಿ. ಕನ್ನಡದ ಪುಟಕ್ಕೆ ಇಂಗ್ಲಿಷ್ ಪುಟದಷ್ಟು ಜಾಹೀರಾತು ದರವೂ ಸಿಗುವುದಿಲ್ಲ. ಭಾರತದ ಭಾಷೆಗಳಲ್ಲಿ ಆಡ್‌ಸೆನ್ಸ್ ಮೊದಲು ಒಪ್ಪಿಕೊಂಡದ್ದು ಹಿಂದಿಯನ್ನು, 2014ರ ಕೊನೆಯಲ್ಲಿ. ಕನ್ನಡ ಆ ಪಟ್ಟಿಗೆ ಸೇರಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಹರಿಪ್ರಸಾದ್ ನಾಡಿಗರು 2005ರಲ್ಲಿ 'ಸಂಪದ' ಎಂಬ ಕನ್ನಡ ಜಾಲತಾಣ ಶುರು ಮಾಡಿದಾಗ ಅಲ್ಲಿ ಬರೆದವರು ಯಾರೂ ದುಡ್ಡು ನೋಡಿ ಬರೆದವರಲ್ಲ. ಕನ್ನಡದಲ್ಲಿ ಓದುವವರು ಇದ್ದಾರೆ ಎಂಬುದನ್ನು ಅವರು ತೋರಿಸಿಕೊಟ್ಟರು. ನಿಮಗೆ ಈಗ ಸಿಗುತ್ತಿರುವುದು ಆ ಓದುಗರು.

ಬ್ಲಾಗ್ ಬರೆದೇ ಬದುಕಿದವರು ಇಲ್ಲ ಎಂದಲ್ಲ. ಅಮಿತ್ ಅಗರ್‌ವಾಲ್ ಅವರು 2004ರಲ್ಲಿ ಕೆಲಸ ಬಿಟ್ಟು ಆಗ್ರಾದಲ್ಲಿ ಕೂತು ಬರೆಯತೊಡಗಿದರು. ಭಾರತದ ಮೊದಲ ವೃತ್ತಿಪರ ಬ್ಲಾಗರ್ ಎಂದು ಅವರನ್ನು ಕರೆಯುತ್ತಾರೆ. ಅವರು ಬರೆದದ್ದು ಇಂಗ್ಲಿಷಿನಲ್ಲಿ. ಓದಿದ್ದು ಇಡೀ ಜಗತ್ತು. ಕಂಪ್ಯೂಟರಿನಲ್ಲಿ ಜನ ಎಲ್ಲಿ ತಡವರಿಸುತ್ತಾರೋ ಅಲ್ಲಿ ಅವರ ಬರಹ ಕೈ ಹಿಡಿಯುತ್ತಿತ್ತು. ಈ ಕೊನೆಯ ಮಾತು ನಿಮಗೂ ಹೊಂದುತ್ತದೆ.

ಯಾವ ವಿಷಯಕ್ಕೆ ದುಡ್ಡು ಜಾಸ್ತಿ ಎಂದು ಕೇಳಿದ್ದೀರಿ. ಸಾಲ, ವಿಮೆ, ಷೇರು ಇಂಥವಕ್ಕೆ ಜಾಹೀರಾತು ದರ ಜಾಸ್ತಿ, ನಿಜ. ಆದರೆ ವಿಮೆಯ ಬಗ್ಗೆ ನೀವು ಏನು ಬರೆಯುತ್ತೀರಿ? ನಾಲ್ಕು ಕಡೆ ಓದಿ ಸುಮ್ನೆ ಐದನೆಯ ಕಡೆ ಬರೆದಂತಾಗುತ್ತದೆ. ಅಂಥ ಬರಹಕ್ಕೆ ಈಗ ಓದುಗರೇ ಸಿಗುವುದಿಲ್ಲ. ಗೂಗಲ್‌ನಲ್ಲಿ ಏನಾದರೂ ಹುಡುಕಿದರೆ ಎಷ್ಟೋ ಸಲ ಎಐ ಬರೆದ ಉತ್ತರ ಮೇಲೆಯೇ ಬಂದುಬಿಡುತ್ತದೆ, ನೋಡಿರುತ್ತೀರಿ ಅಲ್ವಾ? ಎಲ್ಲರಿಗೂ ಗೊತ್ತಿರುವ ಉತ್ತರ ಅಲ್ಲೇ ಸಿಕ್ಕರೆ ಬ್ಲಾಗಿನ ತನಕ ಯಾರು ಬರುತ್ತಾರೆ?

ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿಕೊಳ್ಳಿ. ಮಲ್ಲಿಗೆಯ ವಿಚಾರಕ್ಕೆ ನೀವು ಕೊಟ್ಟದ್ದು ಒಂದೇ ಸಾಲು. ನನಗೆ ಆಸೆ ಹುಟ್ಟಿಸಿದ್ದು ಅದೇ ಸಾಲು. ಒಂದು ಅಟ್ಟೆಗೆ ನಾಲ್ಕು ಚೆಂಡು, ಒಂದು ಚೆಂಡಿಗೆ 800 ಹೂ ಎಂಬ ಮಲ್ಲಿಗೆಯ ಅಳತೆಯ ಲೆಕ್ಕ ನಿಮ್ಮ ಕಡೆಯ ಮಕ್ಕಳಿಗೂ ಗೊತ್ತು. ಹೊರಗಿನವರಿಗೆ ಗೊತ್ತಿಲ್ಲ. ಕಟ್ಟೆಯಲ್ಲಿ ದರ ದಿನಾ ಏಕೆ ಏರಿಳಿಯುತ್ತದೆ, ಮಳೆಗಾಲದಲ್ಲಿ ಹೂ ಏಕೆ ಕಮ್ಮಿ, ಬಾಳೆನಾರನ್ನು ಹೇಗೆ ಹದ ಮಾಡಿಕೊಳ್ಳುತ್ತೀರಿ, ಮೊಗ್ಗು ಕೊಯ್ಯಲು ಯಾವ ಹೊತ್ತು ಒಳ್ಳೆಯದು, ಮೊಗ್ಗಿಗೆ ಹುಳ ಬಿದ್ದದ್ದು ಯಾವಾಗ ಕಣ್ಣಿಗೆ ಬೀಳುತ್ತದೆ: ಇದನ್ನೆಲ್ಲ ಕೈಯಾರೆ ಮಾಡಿದವರು ಬರೆದದ್ದು ಕನ್ನಡದಲ್ಲಿ ತುಂಬಾ ಕಮ್ಮಿ. ಕೇಳುವವರು ಮಾತ್ರ ಬೇಕಾದಷ್ಟಿದ್ದಾರೆ. ಮಂಗಳೂರು, ಬೆಂಗಳೂರಿನ ತಾರಸಿಗಳಲ್ಲಿ ಮಲ್ಲಿಗೆ ಬೆಳೆಸುವವರಿದ್ದಾರೆ. ಮುಂಬೈಗೆ ಹೋದ ನಿಮ್ಮ ಜಿಲ್ಲೆಯವರು ಬಾಲ್ಕನಿಯ ಕುಂಡದಲ್ಲಿ ಒಂದು ಗಿಡವಾದರೂ ಬದುಕಲಿ ಎಂದು ಒದ್ದಾಡುತ್ತಾರೆ. "ಗಿಡ ಸೊಂಪಾಗಿ ಬೆಳೆದಿದೆ, ಹೂ ಮಾತ್ರ ಬಿಡುತ್ತಿಲ್ಲ" ಎನ್ನುವುದು ಅವರೆಲ್ಲರ ದೂರು. ಹೂ ಬರುವುದು ಹೊಸ ಚಿಗುರಿನಲ್ಲಿ, ಅದಕ್ಕೆ ಸವರಬೇಕು, ಬಿಸಿಲು ಬೇಕು ಎಂದು ನೀವು ಒಂದೇ ಉಸಿರಿಗೆ ಹೇಳುತ್ತೀರಿ. ಆದರೆ ಯಾವ ಕೊಂಬೆ ಸವರಬೇಕು, ಎಲ್ಲಿಗೆ ಸವರಬೇಕು? ನಾಲ್ಕು ಫೋಟೊ ಹಾಕಿ ಅದನ್ನು ತೋರಿಸಿ. ಅದೇ ನಿಮ್ಮ ಮೊದಲ ಬರಹ ಆಗಲಿ. ಫೋಟೊ ನಿಮ್ಮ ಅಂಗಳದ್ದೇ ಇರಲಿ. ನೆಟ್‌ನಲ್ಲಿ ಸಿಕ್ಕಿದ ಚಿತ್ರಕ್ಕೆ ಬೇರೆಯವರ ಹಕ್ಕಿರುತ್ತದೆ.

ಗೊಬ್ಬರ, ಔಷಧಿಯ ಪ್ರಮಾಣ ಬರೆಯುವಾಗ ಮಾತ್ರ ಎಚ್ಚರ ಇರಲಿ. ಸಂಶಯ ಬಂದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ, ಆಮೇಲೆ ಬರೆಯಿರಿ. ನಿಮ್ಮ ಮಾತು ನಂಬಿ ಯಾರೋ ಗಿಡಕ್ಕೆ ಹೊಡೆಯುತ್ತಾರೆ, ಆ ಹೂ ಯಾರದೋ ತಲೆಗೆ ಏರುತ್ತದೆ.

ಇನ್ನು ತಾಂತ್ರಿಕ ವಿಚಾರ. ಗೂಗಲ್‌ನ 'ಬ್ಲಾಗರ್' ಎಂಬ ಬ್ಲಾಗ್ ತಾಣ ಉಚಿತ. ಜಿಮೇಲ್ ಇದ್ದರೆ ಸಾಕು. ಬ್ಲಾಗ್ ಮಾಡುವ ಇನ್ನೊಂದು ಸೌಲಭ್ಯ ವರ್ಡ್‌ಪ್ರೆಸ್ ಒಳ್ಳೆಯದೇ, ಆದರೆ ಅದನ್ನು ನಿಮ್ಮದೇ ಜಾಗದಲ್ಲಿ ಇಡಬೇಕಾದರೆ ವರ್ಷವರ್ಷವೂ ಬಾಡಿಗೆ ಕಟ್ಟಬೇಕು. ಮೊದಲ ವರ್ಷ ಕಮ್ಮಿ ದರ ತೋರಿಸಿ, ಎರಡನೆಯ ವರ್ಷ ಜಾಸ್ತಿ ಕೇಳುವುದು ಈ ವ್ಯಾಪಾರದಲ್ಲಿ ಮಾಮೂಲು. ಹತ್ತಿಪ್ಪತ್ತು ಬರಹ ಆಗಿ, ಬರೆಯುವುದು ರೂಢಿಯಾದ ಮೇಲೆ ಸ್ವಂತ ಡೊಮೇನ್ (ಬ್ಲಾಗಿಗೆ ನಿಮ್ಮದೇ ಆದ ವಿಳಾಸ) ತೆಗೆದುಕೊಳ್ಳಿ. ಅದು ನಿಮ್ಮ ಹೆಸರಿನಲ್ಲೇ, ನಿಮ್ಮ ಇಮೇಲ್‌ನಲ್ಲೇ ನೋಂದಣಿ ಆಗಿರಬೇಕು. ಮಾಡಿಕೊಟ್ಟವರ ಹೆಸರಿನಲ್ಲಿ ಇದ್ದರೆ ನಾಳೆ ಬ್ಲಾಗಿನ ವಿಳಾಸವೇ ನಿಮ್ಮ ಕೈಯಲ್ಲಿ ಇರುವುದಿಲ್ಲ. ಟೈಪಿಂಗ್ ಬಾರದಿದ್ದರೆ ಮೊಬೈಲಿಗೆ ಕನ್ನಡದಲ್ಲೇ ಹೇಳಿ, ಅದು ಬರೆದುಕೊಳ್ಳುತ್ತದೆ. ತಪ್ಪು ತಿದ್ದಿದರಾಯಿತು. ಹಳೆಯ 'ನುಡಿ' ಅಥವಾ 'ಬರಹ' ತಂತ್ರಾಂಶದ ಫಾಂಟಿನಲ್ಲಿ ಟೈಪ್ ಮಾಡಿಟ್ಟದ್ದು ಏನಾದರೂ ಇದ್ದರೆ ಯೂನಿಕೋಡ್‌ಗೆ (ಎಲ್ಲ ಮೊಬೈಲು, ಕಂಪ್ಯೂಟರು ಓದಬಲ್ಲ ಅಕ್ಷರಕ್ಕೆ) ಬದಲಾಯಿಸಿಯೇ ಹಾಕಿ. ಇಲ್ಲವಾದರೆ ಓದುವವರಿಗೆ ಅಕ್ಷರ ಚೆಲ್ಲಾಪಿಲ್ಲಿ, ಗೂಗಲ್‌ಗಂತೂ ಅದು ಕನ್ನಡವೇ ಅಲ್ಲ.

ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯ ಇದೆ, ಅದಕ್ಕೂ ಬ್ಲಾಗನ್ನು ಸೇರಿಸಲು ಮಗನಿಗೆ ಹೇಳಿ. ಜನ ಏನು ಹುಡುಕಿ ನಿಮ್ಮಲ್ಲಿಗೆ ಬಂದರು ಎಂದು ಅದು ತೋರಿಸುತ್ತದೆ. ನಮ್ಮವರು ಎಷ್ಟೋ ಮಂದಿ ಕನ್ನಡದ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹುಡುಕುತ್ತಾರೆ. ಶೀರ್ಷಿಕೆಯ ಕೆಳಗೆ ಒಂದು ಸಾಲು ಇಂಗ್ಲಿಷ್ ಅಕ್ಷರದಲ್ಲೂ ಇರಲಿ.

ಹಾಗಾದರೆ ದುಡ್ಡು ಎಲ್ಲಿಂದ? ನನ್ನ ಅಭಿಪ್ರಾಯದಲ್ಲಿ ನಿಮಗೆ ಜಾಹೀರಾತಿಗಿಂತ ಮುಂಚೆ ದುಡ್ಡು ತರುವುದು ನಿಮ್ಮದೇ ಗಿಡ. ಬ್ಲಾಗ್ ಓದಿ ನಂಬಿಕೆ ಬಂದವರು "ಸಸಿ ಸಿಗುತ್ತದಾ?" ಎಂದು ಕೇಳಿಯೇ ಕೇಳುತ್ತಾರೆ. ಕಡ್ಡಿ ನೆಟ್ಟು ಸಸಿ ಮಾಡುವುದು ನಿಮಗೆ ಹೊಸದಲ್ಲ. ತಾರಸಿಯಲ್ಲಿ ಬೆಳೆಸುವವರಿಗೆ ವಿಡಿಯೊ ಕರೆಯಲ್ಲಿ ಗಿಡ ನೋಡಿ ಸಲಹೆ ಕೊಟ್ಟು ಶುಲ್ಕ ತೆಗೆದುಕೊಳ್ಳಬಹುದು. ಇನ್ನೂರು ಮಂದಿ ನಂಬುವ ಓದುಗರಿದ್ದರೂ ಈ ದಾರಿ ನಡೆಯುತ್ತದೆ. ಜಾಹೀರಾತಿನ ದಾರಿಗೆ ಲಕ್ಷಗಟ್ಟಲೆ ಓದು ಬೇಕು. ಓದುಗರು ಹೆಚ್ಚಿದ ಮೇಲೆ ಗೊಬ್ಬರದ ಅಂಗಡಿಯವರು ಬಂದು "ನಮ್ಮದನ್ನು ಹೊಗಳಿ ಬರೆಯಿರಿ" ಎನ್ನಬಹುದು. ದುಡ್ಡು ತೆಗೆದುಕೊಂಡು ಬರೆದರೆ ಮೇಲೆಯೇ 'ಜಾಹೀರಾತು' ಎಂದು ಕಾಣುವಂತೆ ಹಾಕಿ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಈ ನಿಯಮ ತಂದಿದೆ. ಬಳಸಿ ನೋಡದ ವಸ್ತುವನ್ನು ಹೊಗಳಲೇಬೇಡಿ.

ಕೊನೆಗೆ ಖಾತೆಯ ಪ್ರಶ್ನೆ. ಆಡ್‌ಸೆನ್ಸ್‌ಗೆ 18 ವರ್ಷ ತುಂಬಿರಬೇಕು, ಹಾಗಾಗಿ ಮಗನ ಹೆಸರು ಬೇಡ. ನಿಮ್ಮ ಹೆಸರಲ್ಲೇ ತೆರೆಯಿರಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಬರೆಯಿರಿ. ಒಬ್ಬರಿಗೆ ಒಂದೇ ಖಾತೆ. ನಿಮ್ಮ ಜಾಹೀರಾತನ್ನು ನೀವಾಗಲಿ ಮನೆಯವರಾಗಲಿ ಒತ್ತಬಾರದು, ನೆಂಟರಿಗೂ ಒತ್ತಿ ಎಂದು ಹೇಳಬಾರದು. ಒತ್ತಿದರೆ ಖಾತೆ ಮುಚ್ಚುತ್ತಾರೆ, ತೆರೆಸುವುದು ಕಷ್ಟ. 10 ಡಾಲರ್ ಆದಾಗ ನಿಮ್ಮ ವಿಳಾಸ ಖಚಿತಪಡಿಸಿಕೊಳ್ಳಲು ಗೂಗಲ್‌ನಿಂದ ಒಂದು ಪಿನ್ (ಗುಟ್ಟಿನ ಸಂಖ್ಯೆ) ಅಂಚೆಯಲ್ಲಿ ಮನೆಗೇ ಬರುತ್ತದೆ. 100 ಡಾಲರ್ ದಾಟಿದ ಮೇಲೆ ಮುಂದಿನ ತಿಂಗಳ 21ರಿಂದ 26ರೊಳಗೆ ದುಡ್ಡು ಕಳಿಸುತ್ತಾರೆ. ಪಿನ್ ಮನೆಗೇ ತಲುಪಬೇಕು, ಹಾಗಾಗಿ ವಿಳಾಸದಲ್ಲಿ ಮನೆ ನಂಬರು, ಅಂಚೆ ಕಚೇರಿ, ಪಿನ್‌ಕೋಡ್ ಎಲ್ಲ ಸರಿಯಾಗಿರಲಿ. ಆ ಪಿನ್ ಬರಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ನಿಮ್ಮ ಅಂಚೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ.