ತಿದ್ದಿ ತಿದ್ದಿ ಮೆಸೇಜ್ ಕಳಿಸುತ್ತಿದ್ದ ಹುಡುಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

"ಮೇಡಂ, ಒಂದ್ಸಲ ಸಿಗೋಣ್ವಾ ಅಂತ ಕೇಳಿದ್ಲು. ಅವತ್ತಿಂದ ಅವಳ ಮೆಸೇಜ್ ತೆರೆದೇ ಇಲ್ಲ."

ನನ್ನ ಬಳಿ ಸಲಹೆಗೆ ಬಂದ 24ರ ಹುಡುಗ. ಹಾಸನದ ಕಡೆಯವನು, ಬೆಂಗಳೂರಲ್ಲಿ ಕೆಲಸ, ಪಿಜಿಯಲ್ಲಿ ವಾಸ. ಆನ್‌ಲೈನ್ ಗೇಮ್ ಆಡುತ್ತಾ ಮೈಸೂರಿನ ಹುಡುಗಿಯೊಬ್ಬಳ ಪರಿಚಯವಾಗಿತ್ತು. ರಾತ್ರಿ ಎರಡರವರೆಗೂ ಚಾಟ್. ಆದರೆ ಆಫೀಸ್ ಕ್ಯಾಂಟೀನಲ್ಲಿ ಯಾರಾದರೂ ನೋಡುತ್ತಿದ್ದರೆ ಅನ್ನ ಕಲಸುವ ಕೈ ನಡುಗುತ್ತದೆ, ಅದಕ್ಕೇ ಎಲ್ಲರೂ ಎದ್ದು ಹೋದ ಮೇಲೆ ಊಟಕ್ಕೆ ಕೂರುತ್ತಿದ್ದ.

ಮನೆಯವರು "ಫೋನ್ ಬಿಡು, ಎಲ್ಲ ಸರಿಹೋಗತ್ತೆ" ಅಂದಿದ್ದರಂತೆ. ನನಗೆ ಹಾಗನ್ನಿಸಲಿಲ್ಲ. ಇರುವ ಒಬ್ಬ ಗೆಳತಿಯನ್ನೂ ಬಿಟ್ಟು ಏನು ಮಾಡಬೇಕು? ಮೆಸೇಜ್ ಹೇಗೆ ಬರೆಯುತ್ತೀಯ ಅಂತ ಕೇಳಿದೆ. ಮೊದಲು ನೋಟ್ಸ್ ಆಪ್‌ನಲ್ಲಿ ಬರೆದು, ಅಳಿಸಿ, ಮತ್ತೆ ತಿದ್ದಿ, ಆಮೇಲೆ ಕಾಪಿ ಮಾಡಿ ಕಳಿಸುತ್ತಿದ್ದ. ನೀಲಿ ಟಿಕ್ ಬಂದೂ ಉತ್ತರ ಬರದಿದ್ದರೆ ಎದೆ ಡವಡವ. ತೊಂದರೆ ಇದ್ದದ್ದು ಇಲ್ಲೇ. ತಿದ್ದಿದಾಗ ಆ ಹೊತ್ತಿಗೆ ಭಯ ಇಳಿಯುತ್ತದೆ ನಿಜ, ಆದರೆ "ತಿದ್ದಿದ್ದಕ್ಕೇ ಅವಳಿಗೆ ನಾನು ಇಷ್ಟ" ಅನ್ನುವ ನಂಬಿಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಮರ್ಯಾದೆ ಉಳಿಸಿಕೊಳ್ಳಲು ಮಾಡುವ ಇಂಥ ಉಪಾಯಗಳೇ ಆತಂಕವನ್ನು ಸಾಕುತ್ತವೆ ಅಂತ ಕ್ಲಾರ್ಕ್ ಮತ್ತು ವೆಲ್ಸ್ ಎಂಬ ಮನಶ್ಶಾಸ್ತ್ರಜ್ಞರು 1995ರಲ್ಲೇ ವಿವರಿಸಿದ್ದರು.

ಭೇಟಿ ಸದ್ಯಕ್ಕೆ ಬೇಡ ಅಂದೆ. ಮೊದಲು ಅವಳಿಗೆ ನಿಜ ಹೇಳು: ಭಯಕ್ಕೆ ಸುಮ್ಮನಾಗಿದ್ದೆ, ಸಿಟ್ಟಿಗಲ್ಲ. ದಿನಕ್ಕೊಂದು ಮೆಸೇಜ್ ತಿದ್ದದೆ ಕಳಿಸು, ಕಾಗುಣಿತ ತಪ್ಪಿದರೂ ಪರವಾಗಿಲ್ಲ. ಕಳಿಸುವ ಮುಂಚೆ ಏನಾಗಬಹುದು ಅನ್ನಿಸಿತು ಅಂತ ಬರೆದಿಡು, ನಿಜಕ್ಕೂ ಏನಾಯಿತು ಅನ್ನುವುದನ್ನು ಪಕ್ಕದಲ್ಲೇ ಬರೆ. ಆಮೇಲೆ ವಾಯ್ಸ್ ನೋಟ್, ಕಾಲ್, ವಿಡಿಯೊ. ವಿಡಿಯೊ ಕಾಲ್‌ನಲ್ಲಿ ನಿನ್ನ ಮುಖ ಕಾಣುವ ಚೌಕ ಮುಚ್ಚಿಬಿಡು (ನಾವೆಲ್ಲ ಅದನ್ನೇ ಜಾಸ್ತಿ ನೋಡುವುದು, ಅಲ್ವಾ?), ಅವಳ ಮಾತು ಕೇಳು. ಜೊತೆಗೆ ಕ್ಯಾಂಟೀನಲ್ಲಿ ಯಾರಾದರೂ ಒಬ್ಬರ ಪಕ್ಕ ಕೂತು ಊಟ ಮಾಡು, ಇಲ್ಲದಿದ್ದರೆ ನಿನ್ನ ಭಾರವೆಲ್ಲ ಅವಳೊಬ್ಬಳ ಮೇಲೇ ಬೀಳುತ್ತದೆ.

ಇನ್ನೊಂದು ಮಾತನ್ನು ಎಲ್ಲರಿಗೂ ಹೇಳುತ್ತೇನೆ. ಆನ್‌ಲೈನ್ ಪರಿಚಯಕ್ಕೆ ದುಡ್ಡು, ಖಾಸಗಿ ಫೋಟೊ ಕಳಿಸಬೇಡಿ. ದುಡ್ಡು ಹೋಯಿತೋ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈಗ ವಾಯ್ಸ್ ನೋಟ್‌ವರೆಗೆ ಬಂದಿದ್ದಾನೆ. ಮೊದಲನೆಯದರಲ್ಲಿ ದನಿ ನಡುಗಿತ್ತು, ಹಿಂದೆ ಪಿಜಿಯ ಕುಕ್ಕರ್ ಕೂಗಿತ್ತು. ಅವಳು ಕುಕ್ಕರ್‌ಗೆ ನಕ್ಕಳಂತೆ, ನಡುಕದ ಬಗ್ಗೆ ಮಾತೇ ಇಲ್ಲ.

ನಿದ್ದೆ, ಕೆಲಸ ಎರಡೂ ಕೆಡುವಷ್ಟು ಭಯವಿದ್ದರೆ ಮನೋವೈದ್ಯರನ್ನು ಕಾಣಿ, ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ, ಯಾವ ಹೊತ್ತಿನಲ್ಲಾದರೂ, ಉಚಿತವಾಗಿ ಫೋನ್ ಮಾಡಬಹುದು.