ಡೆಬಿಯನ್ ಆಧರಿಸಿ ನಮ್ಮದೇ ಓಎಸ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

(ಡೆಬಿಯನ್ ಎಂದರೆ ಲಿನಕ್ಸ್ ಆಧಾರಿತ ಉಚಿತ ಓಎಸ್, ಅಂದರೆ ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ. ಕಮಾಂಡ್ ಮತ್ತು ಕಡತಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇವೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪಿಸಿ.)

ಪ್ರಶ್ನೆ: ಶಾಲೆಯ ಲ್ಯಾಬಿನಲ್ಲಿ 20 ಕಂಪ್ಯೂಟರ್‌ಗಳಿವೆ. ಒಂದೊಂದಕ್ಕೂ ಡೆಬಿಯನ್ ಹಾಕಿ, ಆಮೇಲೆ ಕನ್ನಡ ಫಾಂಟು, ಕೀಲಿಮಣೆ ಅಂತ ಕೂರುವಷ್ಟರಲ್ಲಿ ವಾರ ಕಳೆಯುತ್ತದೆ. ಎಲ್ಲ ಸೇರಿದ ಒಂದೇ ಪೆನ್‌ಡ್ರೈವ್ ಮಾಡಿಕೊಳ್ಳಬಹುದೇ?
– ಶಿಕ್ಷಕರು, ಶಿರಸಿ

ಉತ್ತರ: ಮಾಡಿಕೊಳ್ಳಬಹುದು. ಡೆಬಿಯನ್‌ನಲ್ಲೇ ಅದಕ್ಕೆಂದು ‘ಲೈವ್-ಬಿಲ್ಡ್’ ಎಂಬ ತಂತ್ರಾಂಶ ಇದೆ. ಬೇಕಾದ ಪ್ಯಾಕೇಜುಗಳನ್ನು (ತಂತ್ರಾಂಶದ ಕಟ್ಟುಗಳನ್ನು) ಸೇರಿಸಿ, ಪೆನ್‌ಡ್ರೈವಿಗೆ ಬರೆಯುವ ಒಂದೇ ಕಡತ ಕಟ್ಟಿಕೊಡುತ್ತದೆ. ಮೊದಲು ನಿಮ್ಮ ಯಂತ್ರಗಳು 64 ಬಿಟ್‌ನವೇ ನೋಡಿಕೊಳ್ಳಿ. ಡೆಬಿಯನ್ 13ರಲ್ಲಿ (ಟ್ರಿಕ್ಸಿ) 32 ಬಿಟ್ ಪಿಸಿಗಳಿಗೆ ಕರ್ನೆಲ್ಲೂ (ಓಎಸ್‌ನ ತಿರುಳು) ಇಲ್ಲ, ಇನ್‌ಸ್ಟಾಲರೂ ಇಲ್ಲ.

20 ಜಿಬಿಯಷ್ಟು ಜಾಗ ಖಾಲಿ ಇರುವ ಒಂದು ಯಂತ್ರದಲ್ಲಿ ಹೊಸ ಫೋಲ್ಡರ್ ಮಾಡಿ, ಅದರೊಳಗಿಂದ ‘ಎಲ್‌ಬಿ ಕಾನ್ಫಿಗ್’ ಕೊಡಿ. ಜೊತೆಗೆ ಮೂರು ಆಯ್ಕೆ: ‘--ಡಿಸ್ಟ್ರಿಬ್ಯೂಷನ್ ಟ್ರಿಕ್ಸಿ’, ‘--ಡೆಬಿಯನ್-ಇನ್‌ಸ್ಟಾಲರ್ ಲೈವ್’, ಮತ್ತು ‘--ಆರ್ಕೈವ್-ಏರಿಯಾಸ್’. ಕೊನೆಯದರಲ್ಲಿ ‘ಮೇನ್’ ಜೊತೆ ‘ನಾನ್-ಫ್ರೀ-ಫರ್ಮ್‌ವೇರ್’ ಇರಲೇಬೇಕು, ಎರಡನ್ನೂ ಒಂದೇ ಉದ್ಧರಣ ಚಿಹ್ನೆಯೊಳಗೆ ಹಾಕಿ. ಡೆಬಿಯನ್ 12ರಿಂದ ವೈಫೈ ಫರ್ಮ್‌ವೇರ್ ಆ ವಿಭಾಗಕ್ಕೆ ಹೋಗಿದೆ. ಬಿಟ್ಟರೆ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ವೈಫೈ ಸಿಗದು.

ಈಗ ‘ಕಾನ್ಫಿಗ್’ ಒಳಗಿನ ‘ಪ್ಯಾಕೇಜ್-ಲಿಸ್ಟ್ಸ್’ ಫೋಲ್ಡರಿನಲ್ಲಿ ‘ಶಾಲೆ.ಲಿಸ್ಟ್.ಸಿಎಚ್‌ರೂಟ್’ ಎಂಬ ಕಡತ ಮಾಡಿ, ಸಾಲಿಗೊಂದು ಪ್ಯಾಕೇಜ್ ಬರೆಯಿರಿ: ಟಾಸ್ಕ್-ಎಕ್ಸ್‌ಎಫ್‌ಸಿಇ-ಡೆಸ್ಕ್‌ಟಾಪ್, ಫಾಂಟ್ಸ್-ಕೆಎನ್‌ಡಿಎ, ಐಬಸ್-ಎಂ17ಎನ್, ಲಿಬ್ರೆಆಫೀಸ್-ಎಲ್10ಎನ್-ಕೆಎನ್. ಎರಡನೆಯದು ಗುಬ್ಬಿ, ನವಿಲು ಫಾಂಟುಗಳನ್ನು ತರುತ್ತದೆ. ಮೂರನೆಯದರಲ್ಲಿ ಗಣಕ ಪರಿಷತ್ತಿನ ಕೆಜಿಪಿ ವಿನ್ಯಾಸವೂ ಇದೆ, ಇನ್‌ಸ್ಕ್ರಿಪ್ಟೂ ಇದೆ. ಎಲ್ಲರ ಡೆಸ್ಕ್‌ಟಾಪಿನಲ್ಲೂ ಇರಬೇಕಾದ ಸೆಟ್ಟಿಂಗ್ ಕಡತಗಳನ್ನು ಅದೇ ‘ಕಾನ್ಫಿಗ್’ ಒಳಗಿನ ‘ಇನ್‌ಕ್ಲೂಡ್ಸ್.ಸಿಎಚ್‌ರೂಟ್’ ಫೋಲ್ಡರಿನಲ್ಲಿ ‘ಇಟಿಸಿ/ಸ್ಕೆಲ್’ ಮಾಡಿ ಅಲ್ಲಿಡಿ. ಆಮೇಲೆ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ‘ಎಲ್‌ಬಿ ಬಿಲ್ಡ್’.

ಸಿಗುವ ಐಎಸ್‌ಒ ಕಡತವನ್ನು ಇಡೀ ಪೆನ್‌ಡ್ರೈವಿಗೆ (ಉದಾ: ಎಸ್‌ಡಿಬಿ) ಬರೆಯಬೇಕು. ಅದರ ಪಾರ್ಟಿಷನ್ನಿಗೆ (ಉದಾ: ಎಸ್‌ಡಿಬಿ1) ಬರೆದರೆ ಬೂಟ್ ಆಗದು. ಬರೆಯುವ ಮುಂಚೆ ‘ಎಲ್‌ಎಸ್‌ಬಿಎಲ್‌ಕೆ’ ಕೊಟ್ಟು ಯಾವುದು ಪೆನ್‌ಡ್ರೈವ್, ಯಾವುದು ಹಾರ್ಡ್‌ಡಿಸ್ಕ್ ಎಂದು ಎರಡು ಸಲ ನೋಡಿ. ಅನುಸ್ಥಾಪನೆಯನ್ನು ಕನ್ನಡದಲ್ಲೇ ಮಾಡುವುದಾದರೆ ಗ್ರಾಫಿಕಲ್ ಇನ್‌ಸ್ಟಾಲರನ್ನೇ ಆರಿಸಿ. ಬರಿ ಪಠ್ಯದ ಇನ್‌ಸ್ಟಾಲರಿನಲ್ಲಿ ಕನ್ನಡವಿಲ್ಲ.

ಪ್ರಶ್ನೆ: ‘ಎಲ್‌ಬಿ ಬಿಲ್ಡ್’ ಶುರುವಾದ ಕೂಡಲೇ ‘ನೋಎಕ್ಸೆಕ್’, ‘ನೋಡೆವ್’ ಅಂತೇನೋ ಹೇಳಿ ನಿಂತುಬಿಡುತ್ತದೆ. ಜಾಗ ಬದಲಿಸಿದಾಗ ಮುಗಿಯಿತು, ಆದರೆ ಪಟ್ಟಿಗೆ ಹೊಸದಾಗಿ ಸೇರಿಸಿದ ಪ್ಯಾಕೇಜ್ ಐಎಸ್‌ಒದಲ್ಲಿ ಇಲ್ಲ!
– ವಿದ್ಯಾರ್ಥಿ, ತುಮಕೂರು

ಉತ್ತರ: ಮೊದಲ ಸಲ ನೀವು ‘ಟಿಎಂಪಿ’ ಒಳಗೆ ಕಟ್ಟಲು ಹೊರಟಿದ್ದಿರಬೇಕು. ಡೆಬಿಯನ್ 13ರಲ್ಲಿ ಅದು ರ್‍ಯಾಮ್‌ನಲ್ಲಿರುತ್ತದೆ, ಡಿವೈಸ್ ಕಡತ ಬಳಸಲು ಬಿಡುವುದಿಲ್ಲ. ಫ್ಯಾಟ್ ಪೆನ್‌ಡ್ರೈವಿನಲ್ಲೂ ಆಗದು. ಎಕ್ಸ್‌ಟಿ4 ಪಾರ್ಟಿಷನ್ನಿನಲ್ಲಿರುವ ನಿಮ್ಮ ಹೋಮ್ ಫೋಲ್ಡರ್ ಸಾಕು.

ಎರಡನೆಯದು ಎಲ್ಲರೂ ಎಡವುವ ಜಾಗ. ಮುಗಿದ ಹಂತಗಳನ್ನು ಲೈವ್-ಬಿಲ್ಡ್ ‘.ಬಿಲ್ಡ್’ ಫೋಲ್ಡರಿನಲ್ಲಿ ಗುರುತು ಹಾಕಿಕೊಂಡು, ಮುಂದಿನ ಸಲ ಹಾರಿಸಿಬಿಡುತ್ತದೆ. ಪಟ್ಟಿ ಬದಲಿಸಿದಾಗಲೆಲ್ಲ ‘ಎಲ್‌ಬಿ ಕ್ಲೀನ್’ ಕೊಟ್ಟೇ ಮತ್ತೆ ಕಟ್ಟಿ. ‘--ಪರ್ಜ್’ ಬೇಡ, ಅದು ಇಳಿಸಿಟ್ಟ ಪ್ಯಾಕೇಜುಗಳನ್ನೂ ಅಳಿಸುತ್ತದೆ, ಡೇಟಾ ದಂಡ.

ಪ್ರಶ್ನೆ: ಒಂದು ಪ್ಯಾಕೇಜಿನ ಮೂಲ ತಿದ್ದಿ, ಆವೃತ್ತಿಗೆ ನಮ್ಮ ಓಎಸ್‌ನ ಹೆಸರು ಅಂಟಿಸಿ ‘1.2-3+ವಿದ್ಯಾ1’ ಎಂದು ನಮ್ಮ ರೆಪೊಸಿಟರಿಗೆ (ಪ್ಯಾಕೇಜ್ ಭಂಡಾರಕ್ಕೆ) ಹಾಕಿದ್ದೇವೆ. ಡೆಬಿಯನ್‌ನವರು ಅದೇ ಪ್ಯಾಕೇಜಿಗೆ ಭದ್ರತಾ ಅಪ್‌ಡೇಟ್ ಬಿಟ್ಟರೂ ನಮ್ಮಲ್ಲಿ ಅದು ಇಳಿಯುತ್ತಿಲ್ಲ.
– ಓದುಗರು, ಮೈಸೂರು

ಉತ್ತರ: ತಪ್ಪು ಆ ಒಂದು ಕೂಡಿಸುವ ಚಿಹ್ನೆಯಲ್ಲಿದೆ. ಭದ್ರತಾ ಅಪ್‌ಡೇಟಿನ ಸಂಖ್ಯೆ ‘1.2-3+ಡೆಬ್13ಯು1’ ಎಂದಿರುತ್ತದೆ. ‘+’ವರೆಗೆ ಎರಡೂ ಒಂದೇ, ಆಮೇಲೆ ಇಂಗ್ಲಿಷ್ ವರ್ಣಮಾಲೆಯ ಪ್ರಕಾರ ಹೋಲಿಕೆ. ‘ಡಿ’ ಮುಂಚೆ, ‘ವಿ’ ಆಮೇಲೆ. ಹಾಗಾಗಿ ಪ್ಯಾಕೇಜ್ ಇಳಿಸುವ ಆಪ್ಟ್‌ನ ಕಣ್ಣಿಗೆ ನಿಮ್ಮದೇ ಹೊಸದು, ತೂತು ಮುಚ್ಚಿದ್ದೇ ಹಳೆಯದು.

‘+’ ತೆಗೆದು ‘1.2-3ವಿದ್ಯಾ1’ ಎಂದು ಬರೆಯಿರಿ. ಪ್ಯಾಕೇಜುಗಳನ್ನು ಕೂರಿಸುವ ಡಿಪಿಕೆಜಿಯ ನಿಯಮದಲ್ಲಿ ಅಕ್ಷರಗಳು ಚಿಹ್ನೆಗಳಿಗಿಂತ ಮೊದಲು ಬರುತ್ತವೆ. ಆದ್ದರಿಂದ ಇದು ಮೂಲದ ‘1.2-3’ಕ್ಕಿಂತ ದೊಡ್ಡದು, ಭದ್ರತಾ ಅಪ್‌ಡೇಟಿಗಿಂತ ಚಿಕ್ಕದು. ಉಬುಂಟುವಿನವರು ‘3ಉಬುಂಟು1’ ಎಂದು ಚಿಹ್ನೆಯಿಲ್ಲದೆ ಬರೆಯುವುದೂ ಇದೇ ಕ್ರಮದಲ್ಲಿ. ‘ಡಿಪಿಕೆಜಿ --ಕಂಪೇರ್-ವರ್ಷನ್ಸ್’ ಕೊಟ್ಟು ನೀವೇ ಪರೀಕ್ಷಿಸಬಹುದು. ಈಗಾಗಲೇ ಹಂಚಿದ ‘+’ ಪ್ಯಾಕೇಜ್ ಮಾತ್ರ ತಾನಾಗಿ ಕೆಳಗಿಳಿಯದು. ಭದ್ರತಾ ತಿದ್ದುಪಡಿ ಸೇರಿಸಿ ‘+ವಿದ್ಯಾ2’ ಎಂದು ಒಮ್ಮೆ ಬಿಡಬೇಕು, ಸರಿಯಾದ ಹೆಸರನ್ನು ‘1.2-4’ ಬಂದ ಮೇಲೆ ಶುರುಮಾಡಿ. ಭದ್ರತಾ ಅಪ್‌ಡೇಟ್ ಬಂದಾಗ ನಿಮ್ಮ ತಿದ್ದುಪಡಿ ಹೋಗುತ್ತದೆ, ಮತ್ತೆ ಸೇರಿಸಿ ಕಟ್ಟಬೇಕು. ಆ ಕೂಲಿ ಬೇಡವೆಂದರೆ ಮೂಲ ತಿದ್ದುವುದನ್ನೇ ಬಿಟ್ಟು, ಸೆಟ್ಟಿಂಗ್ ಕಡತದಿಂದ ಕೆಲಸ ಆಗುತ್ತದೆಯೇ ನೋಡಿ. ಹೆಚ್ಚಿನ ಸಲ ಆಗುತ್ತದೆ.

ಪ್ರಶ್ನೆ: ಡೆಬಿಯನ್ ಮೇಲೆ ಉಬುಂಟುವಿನ ಪಿಪಿಎ (ಹೊರಗಿನವರು ನಡೆಸುವ ಪ್ಯಾಕೇಜ್ ಭಂಡಾರ) ಸೇರಿಸಬಹುದೇ?
– ಓದುಗರು, ದುಬೈ

ಉತ್ತರ: ಬೇಡ. ಎರಡರ ಲೈಬ್ರರಿಗಳ ಆವೃತ್ತಿ ಬೇರೆ ಬೇರೆ. ಇವತ್ತು ಕೂತರೂ ಮುಂದಿನ ಅಪ್‌ಗ್ರೇಡಿನಲ್ಲಿ ಕೈಕೊಡುತ್ತದೆ. ಹೊಸ ಆವೃತ್ತಿ ಬೇಕಿದ್ದರೆ ಡೆಬಿಯನ್‌ನದೇ ಬ್ಯಾಕ್‌ಪೋರ್ಟ್ಸ್ (ಹೊಸ ಆವೃತ್ತಿಗಳನ್ನು ಈಗಿನ ಬಿಡುಗಡೆಗೆ ಹೊಂದಿಸಿಟ್ಟ ಭಂಡಾರ) ನೋಡಿ.

ಪ್ರಶ್ನೆ: ಕಟ್ಟಿದ ಐಎಸ್‌ಒವನ್ನು ‘ಡೆಬಿಯನ್ ಕನ್ನಡ’ ಎಂಬ ಹೆಸರಲ್ಲಿ ಬೇರೆ ಶಾಲೆಗಳಿಗೆ ಹಂಚಬಹುದೇ?
– ಓದುಗರು, ಕೊಪ್ಪಳ

ಉತ್ತರ: ಹಂಚಿ, ಆದರೆ ಬೇರೆ ಹೆಸರಿಡಿ. ‘ಡೆಬಿಯನ್’ ನೋಂದಾಯಿತ ಟ್ರೇಡ್‌ಮಾರ್ಕ್. ‘ಡೆಬಿಯನ್ ಆಧಾರಿತ’ ಎನ್ನಬಹುದು, ಅವರೇ ಹೊರತಂದಂತೆ ಕಾಣಬಾರದು. ‘ಓಎಸ್-ರಿಲೀಸ್’ ಕಡತದಲ್ಲಿ ಹೆಸರು ಬದಲಿಸಿದರೂ ‘ಐಡಿ_ಲೈಕ್=ಡೆಬಿಯನ್’ ಸಾಲು ಇರಲಿ (ಇದರಲ್ಲಿ ‘ಐಡಿ_ಲೈಕ್’ ಮಾತ್ರ ದೊಡ್ಡಕ್ಷರದಲ್ಲಿ); ಹೊರಗಿನ ಎಷ್ಟೋ ಸ್ಕ್ರಿಪ್ಟ್‌ಗಳು ಅದನ್ನು ನೋಡಿಯೇ ದಾರಿ ಹಿಡಿಯುತ್ತವೆ. ಜಿಪಿಎಲ್ (ಮುಕ್ತ ತಂತ್ರಾಂಶದ ಒಂದು ಪರವಾನಗಿ) ತಂತ್ರಾಂಶ ಹಂಚುವವರು ಅದರ ಮೂಲ ಸಂಕೇತವನ್ನೂ ಒದಗಿಸಬೇಕು. ‘ಎಲ್‌ಬಿ ಕಾನ್ಫಿಗ್’ಗೆ ‘--ಸೋರ್ಸ್ ಟ್ರೂ’ ಸೇರಿಸಿ ಕಟ್ಟಿದರೆ ಅದು ಬೇರೆ ಕಡತವಾಗಿ ಸಿಗುತ್ತದೆ. ಐಎಸ್‌ಒ ಜೊತೆ ಅದನ್ನೂ ಇಟ್ಟುಕೊಂಡು, ಯಾವ ಐಎಸ್‌ಒಗೆ ಯಾವ ಮೂಲ ಎಂದು ದಿನಾಂಕ ಬರೆದಿಡಿ.